ಸಂತೆಗೆ ಹೋಗುವ ಹುಂಜ, ಮನೆಯಲ್ಲಿ ಉಳಿಯುವ ಹುಂಜ

ರಾಯಬಾಗ ತಾಲ್ಲೂಕಿನ ಹಾರೂಗೇರಿಯ ಸುತ್ತಮುತ್ತ ಕಬ್ಬು, ಗೋವಿನಜೋಳ, ಅರಿಶಿಣದ ಹೊಲಗಳ ನಡುವೆ ತೋಟದ ಮನೆಗಳು ಚದುರಿಕೊಂಡಿವೆ. ಊರೊಳಗೊಂದು ಮನೆಯಿದ್ದರೂ ಎಷ್ಟೋ ಒಕ್ಕಲು ಕುಟುಂಬಗಳು ವರ್ಷದ ಬಹುಕಾಲ ಇರುವುದು ತೋಟದಲ್ಲೇ. ಅಂಥ ಅಂಗಳಗಳಲ್ಲಿ ಎಮ್ಮೆ, ಆಕಳು, ನಾಲ್ಕಾರು ಆಡುಗಳ ಜತೆಗೆ ಜವಾರಿ ಕೋಳಿಗಳ ಹಿಂಡೊಂದು ಕೆದಕುತ್ತ ತಿರುಗುವುದುಂಟು. ಜೈನರೂ ಲಿಂಗಾಯತರೂ ಹೆಚ್ಚಾಗಿರುವ ಈ ಸೀಮೆಯಲ್ಲಿ ಕೋಳಿಯನ್ನೇ ಸಾಕದ ಮನೆಗಳೂ ಬಹಳ ಎನ್ನಿ. ಸಾಕುವ ಮನೆಗಳಲ್ಲಿ ಅದರ ಲೆಕ್ಕಪತ್ರ ಹೆಂಗಸರದು. ತತ್ತಿ ಮಾರಿದ ದುಡ್ಡು ಮಕ್ಕಳ ನೋಟುಬುಕ್ಕಿಗೂ ಪೆನ್ನಿಗೂ ಆಗುತ್ತದೆ. ಹುಂಜ ಮಾರಿದ ದುಡ್ಡು ಒಮ್ಮೊಮ್ಮೆ ಪರೀಕ್ಷೆಯ ಶುಲ್ಕಕ್ಕೂ ಆಗುತ್ತದೆ.

ಭಾರತ ಹುಣ್ಣಿಮೆಯ ಸುಮಾರಿಗೆ ಇದೇ ತಾಲ್ಲೂಕಿನ ಚಿಂಚಲಿಯಲ್ಲಿ ಮಾಯಕ್ಕನ ಜಾತ್ರೆ ನೆರೆಯುತ್ತದೆ. ಆ ಹಂಗಾಮಿನಲ್ಲಿ ಬೀಗರು ಬರುತ್ತಾರೆ, ಹುಂಜಕ್ಕೆ ಬೆಲೆಯೂ ಬರುತ್ತದೆ. ಆಗ ಬುಟ್ಟಿಯೊಳಗೆ ಮೊದಲು ಬೀಳುವ ಹುಂಜ ಯಾವುದು? ಎಲ್ಲಕ್ಕಿಂತ ಬೇಗ ಬೆಳೆದದ್ದು, ಎದೆ ತುಂಬಿದ್ದು, ಜುಟ್ಟು ಕೆಂಪೇರಿದ್ದು, ಕೈಯಲ್ಲಿ ಹಿಡಿದರೆ ಭಾರವೆನಿಸುವುದು. ಕೊಳ್ಳುವವನ ಕಣ್ಣು ಬೀಳುವುದೂ ಅದರ ಮೇಲೆಯೇ. ಹೀಗೆ ಒಂದರ ಹಿಂದೊಂದು ಒಳ್ಳೆಯವು ಹೋದ ಮೇಲೆ ಅಂಗಳದಲ್ಲಿ ಉಳಿಯುವುದು ಯಾರೂ ಕೇಳದ ಬಡಕಲು ಹುಂಜ. ಮುಂದಿನ ವರ್ಷದ ಮರಿಗಳಿಗೆಲ್ಲ ಅದೇ ತಂದೆ.

ಬಿತ್ತನೆಗೆ ಜೋಳದ ಒಳ್ಳೆಯ ತೆನೆಯನ್ನು ಆರಿಸಿ ಎತ್ತಿಡುವ ಒಕ್ಕಲಿಗ, ಕೋಳಿಯ ವಿಷಯದಲ್ಲಿ ಮಾತ್ರ ಬೀಜದ ತೆನೆಯನ್ನು ಮಾರಿ ಜಳ್ಳನ್ನು ಬಿತ್ತುತ್ತಿದ್ದಾನೆ. ಇದೇ ಕ್ರಮ ಐದಾರು ತಲೆಮಾರು ನಡೆದರೆ ‘ಜವಾರಿ ಕೋಳಿ ಬೆಳವಣಿಗೆಯೇ ಇಲ್ಲ’ ಎಂಬ ದೂರು ಬರುವುದರಲ್ಲಿ ಆಶ್ಚರ್ಯವೇನಿದೆ? ಕೋಳಿಯ ತಲೆಮಾರೆಂದರೆ ಹೆಚ್ಚುಕಡಿಮೆ ಒಂದು ವರ್ಷ. ಐದನೆಯ ಇಯತ್ತೆಗೆ ಹೋಗುವ ಹುಡುಗ ಹತ್ತನೆಯದನ್ನು ಮುಗಿಸುವುದರೊಳಗೆ ಹಿಂಡಿನ ಗುಣವೇ ಬದಲಾಗಿರುತ್ತದೆ.

2019ರ ಇಪ್ಪತ್ತನೆಯ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿದ್ದ ಕೋಳಿ ಮತ್ತಿತರ ಸಾಕುಹಕ್ಕಿಗಳು 85 ಕೋಟಿಗಿಂತ ಹೆಚ್ಚು. ಅದರಲ್ಲಿ ಹಿತ್ತಲಲ್ಲಿ ಸಾಕಿದವೇ ಸುಮಾರು 31 ಕೋಟಿ 70 ಲಕ್ಷ. ಅಂದರೆ ಫಾರ್ಮುಗಳ ಈ ಕಾಲದಲ್ಲೂ ಮೂರರಲ್ಲೊಂದಕ್ಕಿಂತ ಹೆಚ್ಚು ಪಾಲು ಹಕ್ಕಿಗಳು ಮನೆಯಂಗಳದವು. ಅವುಗಳ ತಂದೆಯನ್ನು ಆರಿಸುವವರೂ ಮನೆಯವರೇ.

ಒಂದು ಹುಂಜದ ತೂಕ

ಹತ್ತು ಹೇಂಟೆಗಳಿಗೆ ಒಂದು ಹುಂಜ ಎಂಬುದು ಹಳ್ಳಿಯಲ್ಲಿ ಬಳಕೆಯಲ್ಲಿರುವ ಲೆಕ್ಕ. ಪಶುಪಾಲನೆಯ ಪುಸ್ತಕಗಳೂ ಎಂಟರಿಂದ ಹತ್ತು ಎನ್ನುತ್ತವೆ. ಒಂದೊಂದು ಹೇಂಟೆ ವರ್ಷಕ್ಕೆ ಹತ್ತು ಮರಿಗಳನ್ನು ದಕ್ಕಿಸಿಕೊಂಡಿತೆಂದು ಇಟ್ಟುಕೊಳ್ಳಿ. ತಾಯಿಯ ಗುಣ ಹತ್ತು ಮರಿಗಳಿಗೆ ಹೋಗುತ್ತದೆ, ತಂದೆಯ ಗುಣ ನೂರಕ್ಕೆ ನೂರಕ್ಕೂ ಹೋಗುತ್ತದೆ. ಹೇಂಟೆಯನ್ನು ಆರಿಸುವಾಗ ತಪ್ಪಿದರೆ ಹಿಂಡಿನ ಹತ್ತನೆಯ ಒಂದು ಪಾಲಿಗೆ ಪೆಟ್ಟು. ಹುಂಜವನ್ನು ಆರಿಸುವಾಗ ತಪ್ಪಿದರೆ ಇಡೀ ಹಿಂಡಿಗೆ.

ಇಲ್ಲಿ ದ್ವಿತೀಯ ಪಿಯುಸಿ ವಿದ್ಯಾರ್ಥಿಗಳು ತಮ್ಮ ಜೀವಶಾಸ್ತ್ರದ ಪಾಠವನ್ನು ನೆನೆಯಬಹುದು. ಮನುಷ್ಯರಲ್ಲಿ ಮಗುವಿನ ಲಿಂಗ ನಿರ್ಧಾರವಾಗುವುದು ತಂದೆಯಿಂದ. ಹಕ್ಕಿಗಳಲ್ಲಿ ಇದು ತಿರುಗುಮುರುಗು. ಹುಂಜದಲ್ಲಿ ಎರಡು ‘ಝಡ್’ ವರ್ಣತಂತುಗಳಿದ್ದರೆ ಹೇಂಟೆಯಲ್ಲಿ ಒಂದು ಝಡ್, ಒಂದು ‘ಡಬ್ಲ್ಯು’. ತಾಯಿಯಿಂದ ಡಬ್ಲ್ಯು ಪಡೆದ ಮರಿ ಹೇಂಟೆಯಾಗುತ್ತದೆ. ಅದರ ಏಕೈಕ ಝಡ್ ಬರುವುದು ತಂದೆಯಿಂದಲೇ. ಆದ್ದರಿಂದ ಝಡ್ ವರ್ಣತಂತುವಿನ ಮೇಲಿರುವ ಗುಣಗಳ ಮಟ್ಟಿಗೆ ಮಗಳು ಪೂರ್ತಿ ಅಪ್ಪನ ಮಗಳು. ತತ್ತಿ ಇಡದ ಹುಂಜ ತತ್ತಿಯ ಗುಣವನ್ನು ಹೊತ್ತು ತರುತ್ತದೆ ಎಂಬುದು ವಿಚಿತ್ರವೆನಿಸಿದರೂ ನಿಜ.

ಹಾಗಾದರೆ ಹುಂಜದಲ್ಲಿ ಕಾಣದ ಆ ಗುಣವನ್ನು ಅಳೆಯುವುದು ಹೇಗೆ? ಅದರ ತಾಯಿಯನ್ನೂ ಒಡಹುಟ್ಟಿದ ಹೇಂಟೆಗಳನ್ನೂ ನೋಡಿ. ನಮ್ಮ ಜವಾರಿ ಹೇಂಟೆಗಳು ವರ್ಷಕ್ಕೆ ಅರವತ್ತರಿಂದ ಎಂಬತ್ತು ತತ್ತಿ ಇಡುವುದು ಸಾಮಾನ್ಯ. ಯಾವ ಹೇಂಟೆ ಇದಕ್ಕಿಂತ ಮುಂದಿದೆ, ಕಾವಿಗೆ ಕೂತರೆ ಹದಿನೈದರಲ್ಲಿ ಎಷ್ಟು ಒಡೆಸುತ್ತದೆ, ಹದ್ದು ಮುಂಗುಸಿಗಳಿಂದ ಎಷ್ಟು ಮರಿ ಉಳಿಸಿಕೊಳ್ಳುತ್ತದೆ ಎಂಬುದನ್ನು ಮನೆಯ ಅಜ್ಜಿ ಬಾಯಿಪಾಠವಾಗಿ ಹೇಳಬಲ್ಲಳು. ಆ ಹೇಂಟೆಯ ಮಗನೇ ಮೊದಲ ಅಭ್ಯರ್ಥಿ. ಮೈತೂಕದಂಥ ಗುಣ ಮಕ್ಕಳಿಗೆ ತಕ್ಕಮಟ್ಟಿಗೆ ಚೆನ್ನಾಗಿ ಇಳಿಯುತ್ತದೆ, ಆದ್ದರಿಂದ ಹುಂಜವನ್ನೇ ತಕ್ಕಡಿಯಲ್ಲಿಟ್ಟು ಆರಿಸಬಹುದು. ತತ್ತಿಯ ಸಂಖ್ಯೆ, ಮರಿ ಬದುಕುಳಿಯುವ ಪ್ರಮಾಣ ಇವು ಹಾಗಲ್ಲ. ಮೇವು, ಹವೆ, ರೋಗಗಳ ಪ್ರಭಾವವೇ ಅವುಗಳ ಮೇಲೆ ಹೆಚ್ಚು. ಅದಕ್ಕೇ ಒಂದು ಹಕ್ಕಿಯನ್ನಲ್ಲ, ಮನೆತನವನ್ನು ನೋಡಬೇಕೆನ್ನುವುದು.

ಕೈಗೆ ಸಿಕ್ಕ ಹುಂಜದ ಪರೀಕ್ಷೆ

ಒಂದೇ ದಿನ ಕೂತು ಹುಂಜ ಆರಿಸುವುದು ಆಗದ ಮಾತು. ಎಂಟು ವಾರಕ್ಕೆ ಒಮ್ಮೆ ಎಲ್ಲ ಗಂಡುಮರಿಗಳನ್ನೂ ತೂಗಿ ಮುಂದಿರುವ ಐದಾರನ್ನು ಗುರುತು ಹಾಕಬೇಕು. ಕಾಲಿಗೆ ಬೇರೆಬೇರೆ ಬಣ್ಣದ ದಾರ ಕಟ್ಟಿದರೆ ಸಾಕು. ಮರಿ ಬೆಳೆದಂತೆ ದಾರ ಬಿಗಿಯಾಗದಂತೆ ಬದಲಿಸುತ್ತಿರಬೇಕು. ಹದಿನಾರು ವಾರಕ್ಕೆ ಮತ್ತೆ ತೂಕ. ಆರು ತಿಂಗಳು ದಾಟಿ ಏಳೆಂಟಕ್ಕೆ ಬಿದ್ದಾಗ ಕೊನೆಯ ಆಯ್ಕೆ. ಸಂತೆಗೆ ಕಳಿಸುವುದಾದರೆ ಪ್ರತಿ ಹಂತದಲ್ಲೂ ಹಿಂದೆ ಬಿದ್ದವನ್ನು ಕಳಿಸಬೇಕೇ ಹೊರತು ಮುಂದಿರುವುದನ್ನಲ್ಲ. ಬೆಲೆ ಸ್ವಲ್ಪ ಕಡಿಮೆ ಬಂದೀತು. ಇಡೀ ವಿದ್ಯೆಯಲ್ಲಿ ಮನೆಯವರಿಗೆ ಕಷ್ಟವಾಗುವ ಭಾಗ ಇದೊಂದೇ.

ಕೊನೆಯ ಆಯ್ಕೆಗೆ ರಾತ್ರಿ ಒಳ್ಳೆಯ ಹೊತ್ತು. ಗೂಡಿನಲ್ಲಿ ಕೂತ ಹುಂಜ ಗದ್ದಲವಿಲ್ಲದೆ ಕೈಗೆ ಸಿಗುತ್ತದೆ. ಮೊದಲು ಎದೆಮೂಳೆಯ ಮೇಲೆ ಬೆರಳಾಡಿಸಬೇಕು. ಅದು ನೆಟ್ಟಗಿರಬೇಕು, ಅದರ ಎರಡೂ ಬದಿಗೆ ಮಾಂಸ ತುಂಬಿರಬೇಕು. ಮೂಳೆ ಸೊಟ್ಟಗಿದ್ದರೆ ಎಂಥ ಚೆಲುವನಾದರೂ ಬೇಡ. ಮೇಲಿನ ಕೊಕ್ಕು ಕೆಳಗಿನದಕ್ಕೆ ಸರಿಯಾಗಿ ಕೂಡಬೇಕು. ಕಾಲುಗಳ ನಡುವೆ ಅಂತರವಿರಬೇಕು, ಮಂಡಿ ಒಳಕ್ಕೆ ಬಾಗಿರಬಾರದು, ಬೆರಳುಗಳು ಸುರುಳಿಯಾಗಿರಬಾರದು. ಹೇಂಟೆಯ ಬೆನ್ನೇರಿ ನಿಲ್ಲಬೇಕಾದ ಪ್ರಾಣಿಗೆ ಕಾಲೇ ಬಂಡವಾಳ. ಕಿವಿಯ ಹತ್ತಿರ ಹಿಡಿದು ಕೇಳಿದರೆ ಉಸಿರಿನಲ್ಲಿ ಗೊರಗೊರ ಸದ್ದು ಇರಕೂಡದು. ರೆಕ್ಕೆಯ ಕೆಳಗೂ ಬಾಲದ ಬುಡದಲ್ಲೂ ಗರಿ ಬಿಡಿಸಿ ಹೇನು ನೋಡಬೇಕು. ಹಳೆಯ ಹುಂಜವಾದರೆ ಕಾಲಿನ ಮುಳ್ಳು ಕತ್ತಿಯಂತೆ ಬೆಳೆದಿರುತ್ತದೆ. ಅದು ಹೇಂಟೆಯ ಬೆನ್ನನ್ನು ಸೀಳೀತು.

ಜುಟ್ಟಿನ ಬಣ್ಣಕ್ಕೆ ಹಳ್ಳಿಯವರು ಕೊಡುವ ಮಹತ್ವವನ್ನು ವಿಜ್ಞಾನವೂ ಒಪ್ಪಿದೆ. ಸಾಕುಕೋಳಿಯ ಮೂಲವಾದ ಕೆಂಪು ಕಾಡುಕೋಳಿಗಳ ಮೇಲೆ ಅಮೆರಿಕದಲ್ಲಿ ಮಾರ್ಲೀನ್ ಝುಕ್ ಮತ್ತು ಸಂಗಡಿಗರು 1990ರ ಸುಮಾರಿಗೆ ನಡೆಸಿದ ಅಧ್ಯಯನಗಳಲ್ಲಿ, ಹೊಟ್ಟೆಯಲ್ಲಿ ಜಂತುಹುಳು ಇರುವ ಹುಂಜದ ಜುಟ್ಟು ಚಿಕ್ಕದಾಗಿಯೂ ಮಂಕಾಗಿಯೂ ಇರುವುದು ಕಂಡುಬಂತು. ಹೇಂಟೆಗಳು ದೊಡ್ಡ, ಕೆಂಪು ಜುಟ್ಟಿನವನನ್ನೇ ಮೆಚ್ಚಿದವು. ಬಾಲದ ಉದ್ದ, ಗರಿಯ ಮೆರುಗುಗಳನ್ನು ಅವು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಗರಿಯ ಬಣ್ಣಕ್ಕೆ ಮರುಳಾಗಿ ಹುಂಜ ಕೊಳ್ಳುವವರು ಗಮನಿಸಬೇಕಾದ ವಿಷಯ ಇದು.

ಜುಟ್ಟಿನ ಆಕಾರದ ಹಿಂದೆ ಇನ್ನೊಂದು ಕಥೆಯಿದೆ. ಮೆಂಡೆಲ್‌ನ ಬಟಾಣಿ ಪ್ರಯೋಗಗಳು 1900ರಲ್ಲಿ ಮತ್ತೆ ಬೆಳಕಿಗೆ ಬಂದಾಗ, ಇವು ಪ್ರಾಣಿಗಳಿಗೂ ಅನ್ವಯಿಸುತ್ತವೆಯೇ ಎಂಬ ಪ್ರಶ್ನೆ ಎದ್ದಿತು. ಕೇಂಬ್ರಿಜ್‌ನ ವಿಲಿಯಂ ಬೇಟ್ಸನ್ 1902ರಲ್ಲಿ ಉತ್ತರ ಕೊಟ್ಟದ್ದು ಕೋಳಿಯ ಜುಟ್ಟಿನಿಂದ. ಮುಂದೆ ಅವನೂ ಪನ್ನೆಟ್ಟನೂ ಕೂಡಿ ಗುಲಾಬಿ ಜುಟ್ಟಿನ ಕೋಳಿಯನ್ನು ಬಟಾಣಿ ಜುಟ್ಟಿನದರೊಂದಿಗೆ ಕೂಡಿಸಿದಾಗ ಎರಡರಂತೆಯೂ ಅಲ್ಲದ ಅಕ್ರೋಟಿನಂಥ ಜುಟ್ಟಿನ ಮರಿಗಳು ಹುಟ್ಟಿದವು. ಆ ಮರಿಗಳನ್ನು ತಮ್ಮತಮ್ಮಲ್ಲೇ ಕೂಡಿಸಿದಾಗ ಅಕ್ರೋಟು, ಗುಲಾಬಿ, ಬಟಾಣಿ, ಒಂಟಿ ಜುಟ್ಟುಗಳು 9:3:3:1ರ ಪ್ರಮಾಣದಲ್ಲಿ ಬಂದವು. ಪದವಿ ತರಗತಿಯವರು ಪರೀಕ್ಷೆಗೆಂದು ಉರುಹೊಡೆಯುವ ಈ ಅಂಕಿಗಳು ಮನೆಯಂಗಳದಲ್ಲೇ ಕೆದಕಾಡುತ್ತಿರುತ್ತವೆ. ಗುದ್ದಾಟಕ್ಕೆ ಹೆಸರಾದ ಅಸೀಲ್ ತಳಿಯದು ಬಟಾಣಿ ಜುಟ್ಟು. ಊರಿನ ಹುಂಜಗಳಲ್ಲಿ ಅಂಥ ಜುಟ್ಟು ಕಂಡರೆ ಹಿಂದೆಂದೋ ಅಸೀಲ್ ರಕ್ತ ಬೆರೆತಿರಬಹುದೆಂದು ಊಹಿಸಬಹುದು.

ಗುಲಾಬಿ ಜುಟ್ಟಿನ ಬಗ್ಗೆ ಮಾತ್ರ ಒಂದು ಎಚ್ಚರಿಕೆ. ಆ ಗುಣದ ವಂಶವಾಹಿಯನ್ನು ತಂದೆತಾಯಿ ಇಬ್ಬರಿಂದಲೂ ಪಡೆದ ಹುಂಜಗಳಲ್ಲಿ ವೀರ್ಯದ ಚಲನಶಕ್ತಿ ಕಡಿಮೆ. ತಳಿಗಾರರಿಗೆ ಬಹುಕಾಲದಿಂದ ಗೊತ್ತಿದ್ದ ಈ ದೋಷದ ಕಾರಣವನ್ನು 2012ರಲ್ಲಿ ವಿಜ್ಞಾನಿಗಳು ಪತ್ತೆಹಚ್ಚಿದರು. ವರ್ಣತಂತುವಿನ ಒಂದು ತುಂಡು ತಲೆಕೆಳಗಾಗಿ ಕೂತು, ಜುಟ್ಟಿನ ಆಕಾರವನ್ನು ಬದಲಿಸುವುದರ ಜತೆಗೇ ಇನ್ನೊಂದು ವಂಶವಾಹಿಯನ್ನು ಮುರಿದುಹಾಕಿತ್ತು. ಒಂಟಿ ಜುಟ್ಟಿನ ಹೇಂಟೆಗಳಲ್ಲಿ ಅಂಥ ಹುಂಜಕ್ಕೆ ಹುಟ್ಟಿದ ಮರಿಗಳೆಲ್ಲ ಗುಲಾಬಿ ಜುಟ್ಟಿನವೇ ಆದರೆ ಅನುಮಾನಪಡಬೇಕು. ಅರ್ಧದಷ್ಟು ಒಂಟಿ ಜುಟ್ಟಿನವಾದರೆ ಭಯವಿಲ್ಲ.

ಮೊದಲು ಕೂಗುವವನಾರು?

ತನ್ನ ಕೋಳಿ ಕೂಗಿದರೇ ಬೆಳಗಾಗುವುದೆಂದು ಜಂಬಪಟ್ಟು ಊರು ಬಿಟ್ಟ ಮುದುಕಿಯ ಕಥೆ ಎಲ್ಲರಿಗೂ ಗೊತ್ತು. ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಶಿಮ್ಮುರಾ ಮತ್ತು ಯೋಶಿಮುರಾ 2013ರಲ್ಲಿ ತೋರಿಸಿದ್ದೇನೆಂದರೆ, ಸದಾ ಮಂದ ಬೆಳಕಿನ ಕೋಣೆಯಲ್ಲಿಟ್ಟರೂ ಹುಂಜ ತನ್ನ ಮೈಯೊಳಗಿನ ಗಡಿಯಾರದ ಪ್ರಕಾರ ಬೆಳಗಿನ ಹೊತ್ತಿಗೇ ಕೂಗುತ್ತದೆ. 2015ರಲ್ಲಿ ಇದೇ ತಂಡ ಇನ್ನೊಂದು ಸ್ವಾರಸ್ಯವನ್ನು ಹೊರಗೆಡಹಿತು. ಹಲವು ಹುಂಜಗಳಿರುವಲ್ಲಿ ಮೊದಲು ಕೂಗುವುದು ಯಜಮಾನ. ಉಳಿದವು ತಮ್ಮ ಅಂತಸ್ತಿಗೆ ತಕ್ಕಂತೆ ಸರದಿಯಲ್ಲಿ ಕೂಗುತ್ತವೆ. ಹುಂಜ ಆರಿಸಬೇಕೆನ್ನುವ ಹುಡುಗ ಒಂದು ವಾರ ನಸುಕಿಗೆ ಎದ್ದು ಕಿವಿಗೊಟ್ಟರೆ ಹಿಂಡಿನ ರಾಜಕೀಯವೆಲ್ಲ ತಿಳಿಯುತ್ತದೆ. (ಜನ್ನ ಕವಿ 1209ರಲ್ಲಿ ಮುಗಿಸಿದ ‘ಯಶೋಧರ ಚರಿತೆ’ಯಲ್ಲಿ ಬಲಿಗೆಂದು ಮಾಡಿದ ಹಿಟ್ಟಿನ ಹುಂಜವೂ ಕೂಗುತ್ತದೆ. ಆ ಕೂಗಿನ ಫಲವನ್ನು ತಾಯಿಮಗ ಜನ್ಮಜನ್ಮಾಂತರದಲ್ಲಿ ಉಣ್ಣುತ್ತಾರೆ, ಕೋಳಿಗಳಾಗಿಯೂ ಹುಟ್ಟುತ್ತಾರೆ.)

ಯಜಮಾನನೇ ಒಳ್ಳೆಯ ತಂದೆಯೇ? ಹೌದೆನ್ನಲು ಸ್ವಲ್ಪ ತಡೆಯಬೇಕು. ಬಲವಿಲ್ಲದ ಹುಂಜ ಮೈಮೇಲೆ ಬಿದ್ದಾಗ ಅದರ ವೀರ್ಯವನ್ನು ಹೇಂಟೆ ಹೊರಹಾಕುವುದನ್ನು ಪಿಝಾರಿ ಮತ್ತು ಬರ್ಕ್‌ಹೆಡ್ 2000ದಲ್ಲಿ ವರದಿ ಮಾಡಿದರು. ಆದ್ದರಿಂದ ಯಜಮಾನನಿಗೆ ಮರಿಗಳು ಹೆಚ್ಚೆಂಬುದು ಖರೆ. ಆದರೆ ಜಗಳಗಂಟಿತನವೂ ಆನುವಂಶಿಕವೇ. ಆಳುವ ಹುಂಜ ಬೇರೆ, ಕಚ್ಚಾಡುವ ಹುಂಜ ಬೇರೆ. ಒಳ್ಳೆಯ ಹುಂಜ ಹುಳವೊಂದನ್ನು ಕಂಡರೆ ತಾನು ನುಂಗದೆ ‘ಕೊಕ್ ಕೊಕ್’ ಎಂದು ಹೇಂಟೆಗಳನ್ನು ಕರೆಯುತ್ತದೆ. ಹದ್ದಿನ ನೆರಳು ಬಿದ್ದರೆ ಮೊದಲು ಸುದ್ದಿ ಕೊಡುತ್ತದೆ. ಮನೆಯ ಚಿಕ್ಕಮಕ್ಕಳ ಮೇಲೆ ಹಾರಿ ಕುಕ್ಕುವ ಹುಂಜ ಎಷ್ಟೇ ತೂಗಲಿ, ಅದನ್ನು ತಳಿಗೆ ಇಡಬಾರದು. ಕೋಳಿ ಕಾಳಗದ ಆಸೆಗೆ ಅಂಥವನ್ನೇ ಆರಿಸಿ ಬೆಳೆಸುವವರಿದ್ದಾರೆ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಡಿ ಅದು ಅಪರಾಧವೆಂಬುದನ್ನು ಮಕ್ಕಳಿಗೆ ಹೇಳಿಕೊಡುವುದು ಒಳ್ಳೆಯದು.

ತಂದೆಗೆ ಮಗಳು, ಅಣ್ಣನಿಗೆ ತಂಗಿ

ತೋಟದ ಮನೆಗಳು ದೂರದೂರ ಇರುವುದರಿಂದ ಒಂದು ತೊಂದರೆಯಿದೆ. ಹಿಂಡು ಬೇರೆ ಹಿಂಡಿನೊಡನೆ ಬೆರೆಯುವುದೇ ಇಲ್ಲ. ಈ ವರ್ಷದ ಹುಂಜ ತನ್ನ ಮಗಳನ್ನೇ ಮುಂದಿನ ವರ್ಷ ಕೂಡುತ್ತದೆ. ಅದರ ಮಗ ಅಕ್ಕತಂಗಿಯರನ್ನು ಕೂಡುತ್ತದೆ. ಪರಿಣಾಮವಾಗಿ ತತ್ತಿ ಒಡೆಯುವುದು ಕಡಿಮೆಯಾಗುತ್ತದೆ, ಮರಿ ಸಣ್ಣವಾಗುತ್ತವೆ, ರೋಗ ತಟ್ಟಿದರೆ ಒಂದೂ ಉಳಿಯುವುದಿಲ್ಲ.

ಇದರ ಲೆಕ್ಕ ಗಣಿತ ಬಲ್ಲವರಿಗೆ ಕಷ್ಟವಲ್ಲ. ಅಮೆರಿಕದ ಸೀವಾಲ್ ರೈಟ್ 1931ರಲ್ಲಿ ಕೊಟ್ಟ ಸೂತ್ರ ಹೀಗಿದೆ: ಗಂಡಿನ ಸಂಖ್ಯೆಯನ್ನೂ ಹೆಣ್ಣಿನ ಸಂಖ್ಯೆಯನ್ನೂ ಗುಣಿಸಿ, ಅದನ್ನು ನಾಲ್ಕರಿಂದ ಗುಣಿಸಿ, ಬಂದದ್ದನ್ನು ಗಂಡುಹೆಣ್ಣುಗಳ ಒಟ್ಟು ಸಂಖ್ಯೆಯಿಂದ ಭಾಗಿಸಬೇಕು. ಒಂದು ಹುಂಜ, ಹತ್ತು ಹೇಂಟೆ ಇದ್ದರೆ 40ನ್ನು 11ರಿಂದ ಭಾಗಿಸಿ 3.6. ಅಂದರೆ ಹನ್ನೊಂದು ಹಕ್ಕಿಯ ಹಿಂಡು ವಂಶದ ಲೆಕ್ಕದಲ್ಲಿ ನಾಲ್ಕು ಹಕ್ಕಿಗೂ ಸಮವಲ್ಲ! ಒಂದನ್ನು ಈ ಸಂಖ್ಯೆಯ ಎರಡರಷ್ಟರಿಂದ ಭಾಗಿಸಿದರೆ ತಲೆಮಾರಿಗೆ ಏರುವ ರಕ್ತಸಂಬಂಧದ ಪ್ರಮಾಣ ಸಿಗುತ್ತದೆ. ಇಲ್ಲಿ ಸುಮಾರು ಶೇಕಡಾ 14. ಸರಿ, ಇನ್ನೂ ಹತ್ತು ಹೇಂಟೆ ತಂದರೆ? 80 ಭಾಗಿಸು 21, ಬರುವುದು 3.8. ಏನೂ ಸುಧಾರಿಸಲಿಲ್ಲ. ಅದರ ಬದಲು ಸಂಬಂಧವಿಲ್ಲದ ಇನ್ನೊಂದೇ ಹುಂಜ ತಂದರೆ? 80 ಭಾಗಿಸು 12, ಬರುವುದು 6.7. ಏರಿಕೆ ಶೇಕಡಾ 7.5ಕ್ಕೆ ಇಳಿಯುತ್ತದೆ. ಹತ್ತು ಹೇಂಟೆ ಮಾಡಲಾರದ ಕೆಲಸವನ್ನು ಒಂದು ಹುಂಜ ಮಾಡುತ್ತದೆ.

ದುಡ್ಡಿಲ್ಲದೆ ಇದನ್ನು ಸಾಧಿಸುವ ದಾರಿಯೂ ಇದೆ. ಮೂರು ತೋಟದವರು ಮಾತಾಡಿಕೊಂಡು ವರ್ಷಕ್ಕೊಮ್ಮೆ ತಮ್ಮ ಆರಿಸಿದ ಎಳೆಯ ಹುಂಜಗಳನ್ನು ಸರದಿಯಲ್ಲಿ ಬದಲಿಸಿಕೊಳ್ಳುವುದು: ಮೊದಲನೆಯ ತೋಟದ್ದು ಎರಡನೆಯದಕ್ಕೆ, ಎರಡನೆಯದರದು ಮೂರನೆಯದಕ್ಕೆ, ಮೂರನೆಯದರದು ಮೊದಲನೆಯದಕ್ಕೆ. ಹೇಂಟೆಗಳು ಹುಟ್ಟಿದ ಮನೆಯಲ್ಲೇ ಇರುತ್ತವೆ. ಪ್ರತಿ ವರ್ಷವೂ ದಿಕ್ಕು ಅದೇ ಇರಬೇಕು.

ಹೊರಗಿನ ತಳಿಯ ಆಸೆ

ಜವಾರಿ ಕೋಳಿ ಸುಧಾರಿಸಬೇಕೆಂದರೆ ಗಿರಿರಾಜ ಹುಂಜ ಬಿಟ್ಟರಾಯಿತು ಎಂಬ ಸಲಹೆ ಸುಲಭವಾಗಿ ಸಿಗುತ್ತದೆ. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ, 2005ರಲ್ಲಿ ಬಿಡುಗಡೆಯಾದ ಸ್ವರ್ಣಧಾರಾ ಇವು ಹಿತ್ತಲಲ್ಲಿ ಸಾಕಲೆಂದೇ ಮಾಡಿದ ಒಳ್ಳೆಯ ಕೋಳಿಗಳು. ತೂಕವೂ ಹೆಚ್ಚು, ತತ್ತಿಯೂ ಹೆಚ್ಚು. ಆದರೆ ಅವುಗಳಿಗೆ ಕಾವಿಗೆ ಕೂಡ್ರುವ ಬುದ್ಧಿ ಇಲ್ಲವೆನ್ನುವಷ್ಟು ಕಡಿಮೆ. ಮಾಂಸಕ್ಕಾಗಿ ಬೆರಕೆ ಮಾಡುವುದು ಬೇರೆ, ತಳಿ ಉಳಿಸುವುದು ಬೇರೆ. ಬೆರಕೆಯ ಮಗಳು ಕಾವಿಗೆ ಕೂಡ್ರದಿದ್ದರೆ ಮುಂದೆ ಪ್ರತಿ ಸಲವೂ ಮರಿ ಕೊಳ್ಳಬೇಕಾಗುತ್ತದೆ.

ಕಪ್ಪು ಕಡಕನಾಥದ ಹುಚ್ಚು ಈ ಭಾಗಕ್ಕೆ ಹೊಸದಲ್ಲ. ಮಧ್ಯಪ್ರದೇಶದ ಝಾಬುವಾದ ಈ ತಳಿಯ ಮಾಂಸಕ್ಕೆ 2018ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಮರುವರ್ಷವೇ, 2019ರಲ್ಲಿ, ಪಕ್ಕದ ಸಾಂಗ್ಲಿ ಜಿಲ್ಲೆಯಲ್ಲಿ ಕಡಕನಾಥ ಹಗರಣ ಸ್ಫೋಟಿಸಿತು. ಮರಿ ಕೊಟ್ಟು, ಕೋಳಿಯನ್ನೂ ತತ್ತಿಯನ್ನೂ ಹೆಚ್ಚಿನ ಬೆಲೆಗೆ ಮರಳಿ ಕೊಳ್ಳುತ್ತೇವೆಂದು ಹಣ ಕಟ್ಟಿಸಿಕೊಂಡಿದ್ದ ಕಂಪನಿ ಕೈಯೆತ್ತಿ, ಸಾವಿರಾರು ರೈತರು ಹಣ ಕಳೆದುಕೊಂಡರು. ತಪ್ಪು ಕೋಳಿಯದಲ್ಲ. ಆದರೂ ‘ಅಸಲಿ’ ಹುಂಜವೆಂದು ಯಾರಾದರೂ ದುಬಾರಿ ಬೆಲೆ ಹೇಳಿದರೆ ಅದರ ತಂದೆತಾಯಿಯನ್ನು ಕೇಳುವುದು ಜಾಣತನ. ಬಣ್ಣ ನಂಬಿದರೆ ಕೆಟ್ಟಂತೆ. ಬೇಟ್ಸನ್ ಮತ್ತು ಪನ್ನೆಟ್ 1911ರಲ್ಲೇ ಕಪ್ಪು ಚರ್ಮದ ಸಿಲ್ಕಿ ಕೋಳಿಯ ಮೇಲೆ ಇದನ್ನು ತೋರಿಸಿದ್ದರು: ಕಪ್ಪು ಹುಂಜವನ್ನು ತಿಳಿ ಬಣ್ಣದ ಹೇಂಟೆಯೊಡನೆ ಕೂಡಿಸಿದರೆ ಹೆಣ್ಣುಮರಿಗಳು ಕಪ್ಪಾಗಿ, ಗಂಡುಮರಿಗಳು ಅಷ್ಟು ಕಪ್ಪಿಲ್ಲದೆ ಹುಟ್ಟುತ್ತವೆ. ಕಡಕನಾಥದ ಕಪ್ಪಿಗೂ ಸಿಲ್ಕಿಯ ಕಪ್ಪಿಗೂ ಮೂಲ ಒಂದೇ ಎಂದು ಈಗ ಗೊತ್ತಾಗಿದೆ. ಅಂದಮೇಲೆ ಬೆರಕೆ ಹೇಂಟೆಯನ್ನು ಶುದ್ಧ ಕಡಕನಾಥವೆಂದು ಮಾರುವುದು ಎಷ್ಟು ಸುಲಭ!

ಕರ್ನಾಲಿನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ ನೋಂದಾಯಿಸಿದ ಕೋಳಿ ತಳಿಗಳಲ್ಲಿ ಕರ್ನಾಟಕದ ಹೆಸರು ಬರುವುದು ಘಾಗಸ್ ತಳಿಯ ಜತೆ. ಅದು ಕೋಲಾರ ಮತ್ತು ಆಂಧ್ರದ ಗಡಿಯದು. ರಾಯಬಾಗ, ಅಥಣಿ, ಚಿಕ್ಕೋಡಿಗಳ ಜವಾರಿ ಕೋಳಿ ಇನ್ನೂ ‘ಜವಾರಿ’ ಅಷ್ಟೆ. ಬೋಳು ಕತ್ತಿನ ಕೋಳಿಯನ್ನು ಕುರೂಪವೆಂದು ಮೊದಲು ಮಾರಿಬಿಡುವವರು ತಿಳಿಯಬೇಕಾದದ್ದು: ಆ ವಂಶವಾಹಿ ಮೈಗರಿಯನ್ನು ಕಡಿಮೆ ಮಾಡಿ, ಏಪ್ರಿಲ್ ಮೇ ತಿಂಗಳ ಬಿಸಿಲು ತಾಳುವ ಶಕ್ತಿ ಕೊಡುತ್ತದೆ.

ಪುಸ್ತಕದಲ್ಲಿ ಬರೆದಿಡುವವರು

ನಾರ್ವೆಯ ಒಬ್ಬ ಹುಡುಗ ಮನೆಯವರ ಕೋಳಿಗಳನ್ನು ನೋಡುತ್ತ ಕೂತು, ಯಾವುದು ಯಾವುದನ್ನು ಕುಕ್ಕುತ್ತದೆ ಎಂಬುದನ್ನು ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದ. ಬೆಳೆದ ಮೇಲೆ ಆ ಥೋರ್ಲೀಫ್ ಷೆಲ್ದೆರುಪ್-ಎಬ್ಬೆ 1922ರಲ್ಲಿ ಪ್ರಕಟಿಸಿದ ಲೇಖನದಿಂದಲೇ ಪ್ರಾಣಿಗಳ ‘ಕುಕ್ಕುವ ಅನುಕ್ರಮ’ದ ಕಲ್ಪನೆ ಜಗತ್ತಿಗೆ ಪರಿಚಯವಾಯಿತು. ಹಾರೂಗೇರಿಯ ತೋಟದಿಂದ ಶಾಲೆಗೆ ನಡೆದು ಬರುವ ಹುಡುಗಿಗೂ ಇದಕ್ಕಿಂತ ಹೆಚ್ಚಿನ ಸಲಕರಣೆ ಬೇಕಿಲ್ಲ. ಹಳೆಯ ನೋಟುಬುಕ್ಕು, ತಕ್ಕಡಿ, ಬಣ್ಣದ ದಾರ. ಒಂದು ಸಾಲಿನಲ್ಲಿ ತಾಯಿಯ ಗುರುತು, ಮರಿ ಒಡೆದ ತಾರೀಖು, ಎಂಟು ಮತ್ತು ಹದಿನಾರು ವಾರದ ತೂಕ, ಸತ್ತರೆ ಕಾರಣ. ಅಜ್ಜಿಯ ಬಾಯಿಲೆಕ್ಕವನ್ನೂ ಇದರ ಪಕ್ಕದಲ್ಲಿ ಬರೆದುಕೊಳ್ಳುವುದು ಒಳ್ಳೆಯದು. ಎರಡೂ ತಾಳೆಯಾಗದ ಜಾಗದಲ್ಲೇ ಹೊಸ ಸಂಗತಿ ಹೊರಡುತ್ತದೆ.

ಬೇರೆ ತೋಟದಿಂದ ತಂದ ಹುಂಜವನ್ನು ಅಂದೇ ಹಿಂಡಿಗೆ ಬಿಡಬಾರದು. ಮೂರು ನಾಲ್ಕು ವಾರ ಬೇರೆ ಕಡೆ ಕಟ್ಟಿಹಾಕಿ ಕೊಕ್ಕರೆ ರೋಗದ ಲಕ್ಷಣವಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು, ಪಶು ಆಸ್ಪತ್ರೆಯವರನ್ನು ಕೇಳಿ ಲಸಿಕೆ ಹಾಕಿಸಬೇಕು. ಹಳೆಯ ಹುಂಜವನ್ನು ತೆಗೆದ ಮೇಲೂ ಅದರ ವೀರ್ಯ ಹೇಂಟೆಯ ಒಡಲಲ್ಲಿ ಎರಡು ಮೂರು ವಾರ ಜೀವಂತವಾಗಿರುತ್ತದೆ. ಆದ್ದರಿಂದ ಹೊಸ ಹುಂಜ ಬಿಟ್ಟ ಮೊದಲ ಮೂರು ವಾರದ ತತ್ತಿಗಳು ಸಾರಿಗೋ ಸಂತೆಗೋ ಹೋಗಲಿ. ಆಮೇಲಿನ ತತ್ತಿಗಳ ಮೇಲೆ ಪೆನ್ಸಿಲಿನಿಂದ ತಾರೀಖು ಹಾಕಿ ಕಾವಿಗೆ ಇಡಬೇಕು. ಏಳನೆಯ ರಾತ್ರಿ ಬ್ಯಾಟರಿಯ ಬೆಳಕಿಗೆ ಹಿಡಿದರೆ ಜೀವ ಕಟ್ಟಿದ ತತ್ತಿಯಲ್ಲಿ ಜೇಡರ ಬಲೆಯಂತೆ ಕೆಂಪು ನರಗಳು ಕಾಣುತ್ತವೆ. ಹತ್ತರಲ್ಲಿ ಎಂಟೊಂಬತ್ತು ಹೀಗೆ ಕಂಡರೆ ಆರಿಸಿದ ಹುಂಜ ಕೆಲಸಕ್ಕೆ ಬಂತೆಂದು ತಿಳಿಯಬಹುದು. ಆರಕ್ಕಿಂತ ಕಡಿಮೆಯಾದರೆ ನೋಟುಬುಕ್ಕಿನಲ್ಲಿ ಎರಡನೆಯ ಹೆಸರಿರುವ ಹುಂಜವನ್ನು ಕರೆಯಬೇಕು. ಅದು ಇನ್ನೂ ಸಂತೆಗೆ ಹೋಗಿರದಿದ್ದರೆ.